ಕಿನ್ನಾಳದ ಕಿಟ್ಟದಲ್ಲಿ ಐಎನ್‌ಎಸ್ ಮೈಸೂರು: ಕಟ್ಟಿಗೆಯ ಕ್ರೂಸರ್ ಮಾಡುವ ಬಗೆ

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ, ಆಮೇಲೆ ಕಟ್ಟಿಗೆಗೆ ಕೈ ಹಾಕಿ. ಶಾಲೆಯ ವಸ್ತುಪ್ರದರ್ಶನಕ್ಕೆ ಐಎನ್‌ಎಸ್ ಮೈಸೂರು ಮಾಡಬೇಕು ಅಂತ ಭಾಗ್ಯನಗರದ ನನ್ನ ಅಂಗಡಿಗೆ ಬರುವ ಹುಡುಗರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಒಮ್ಮೊಮ್ಮೆ ಅದು 1999ರಲ್ಲಿ ನೌಕಾಪಡೆಗೆ ಸೇರಿದ ಈಗಿನ ಮೈಸೂರು, ಕ್ಷಿಪಣಿ ಹೊತ್ತ ಡೆಸ್ಟ್ರಾಯರ್. ಒಮ್ಮೊಮ್ಮೆ ನಾಲ್ಕು ಟರೆಟ್, ಅಂದರೆ ತೋಪು ಕೂರಿಸಿದ ತಿರುಗುವ ಗೂಡು, ಇರುವ ಯಾವುದೋ ಬ್ರಿಟಿಷ್ ಹಡಗು. ಮುಂಭಾಗ ಒಂದರದು, ಹಿಂಭಾಗ ಇನ್ನೊಂದರದು ಅಂತ ಕೂಡಿಸಿ ಮಾಡಿದರೆ ಯಾವ ಸಮುದ್ರದಲ್ಲೂ ಎಂದೂ ಓಡಾಡದ ಹಡಗು ತಯಾರಾಗುತ್ತದೆ. ನೋಡಲು ಚೆಂದವೇ ಇರಬಹುದು, ಆದರೆ ಅದು ಮೈಸೂರು ಅಲ್ಲ.

ನಾವು ಮಾಡುವ ಹಳೆಯ ಮೈಸೂರು ಕ್ರೂಸರ್, ಅಂದರೆ ತೋಪು ಹೊತ್ತ ದೊಡ್ಡ ಯುದ್ಧನೌಕೆ; ಹುಟ್ಟುವಾಗ ಅದು ನೈಜೀರಿಯಾ ಎಂಬ ಬ್ರಿಟಿಷ್ ಹಡಗಾಗಿತ್ತು. 1936ರ ಲಂಡನ್ ನೌಕಾ ಒಪ್ಪಂದ ಹೊಸ ಕ್ರೂಸರ್‌ಗಳಿಗೆ 8,000 ಟನ್ನಿನ ಮಿತಿ ಹಾಕಿತು. ಆ ಮಿತಿಯೊಳಗೆ ಆರು ಇಂಚು ಬಾಯಿಯ ಹನ್ನೆರಡು ತೋಪುಗಳನ್ನು ತುರುಕಲು ಬ್ರಿಟಿಷರು ರೂಪಿಸಿದ್ದು ಕ್ರೌನ್ ಕಾಲೊನಿ ವರ್ಗ. ಫಿಜಿ ವರ್ಗ ಅಂತಲೂ ಕರೆಯುತ್ತಾರೆ. ಒಟ್ಟು 11 ಹಡಗು, ಎಲ್ಲಕ್ಕೂ ಅವರ ಆಳ್ವಿಕೆಯ ನಾಡುಗಳ ಹೆಸರು: ಫಿಜಿ, ಕೀನ್ಯಾ, ನೈಜೀರಿಯಾ, ಮಾರಿಷಸ್, ಟ್ರಿನಿಡಾಡ್, ಜಮೈಕಾ, ಗ್ಯಾಂಬಿಯಾ, ಬರ್ಮುಡಾ, ಕಡೆಗೆ ಸಿಲೋನ್, ಉಗಾಂಡಾ, ನ್ಯೂಫೌಂಡ್‌ಲ್ಯಾಂಡ್. ಕಡೆಯ ಮೂರಕ್ಕೆ ಮೊದಲಿನಿಂದಲೇ ಮೂರು ಟರೆಟ್ ಮಾತ್ರ. ನೈಜೀರಿಯಾ ನ್ಯೂಕ್ಯಾಸಲ್‌ನ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಯಾರ್ಡಿನಲ್ಲಿ 1939ರ ಜುಲೈನಲ್ಲಿ ನೀರಿಗಿಳಿದು, 1940ರ ಸೆಪ್ಟೆಂಬರಿನಲ್ಲಿ ಸೇವೆಗೆ ಬಂತು. ಭಾರತ ಅದನ್ನು 1954ರಲ್ಲಿ ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದೊಡ್ಡ ರಿಪೇರಿ ಮಾಡಿಸಿ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಅಂತ ಸೇರಿಸಿಕೊಂಡಿತು. 1985ರ ಆಗಸ್ಟಿನಲ್ಲಿ ನಿವೃತ್ತಿ.

"ಮೈಸೂರಿನವರ ಹಡಗು ನಮಗ್ಯಾಕ್ರೀ" ಅಂತ ಕೇಳುವವರು ಇದ್ದಾರೆ. ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಕೊಪ್ಪಳ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಬಳ್ಳಾರಿ 1953ರಲ್ಲೇ ಸೇರಿತ್ತು. ಹಡಗಿಗೆ ಹೆಸರಿಟ್ಟಾಗ ಆ ಹೆಸರಿನೊಳಗೆ ನಾವೂ ಇದ್ದೆವು.

ಎರಡು ಅವತಾರಗಳ ವ್ಯತ್ಯಾಸ ಹೀಗಿದೆ. ಯುದ್ಧಕಾಲದ ನೈಜೀರಿಯಾಕ್ಕೆ ಮುಂದೆ ಎರಡು, ಹಿಂದೆ ಎರಡು ಟರೆಟ್. ನಡುವೆ ಟಾರ್ಪೆಡೊ, ಅಂದರೆ ನೀರೊಳಗೆ ಸಾಗುವ ಸಿಡಿಗುಂಡು, ಬಿಡುವ ನಳಿಗೆಗಳು, ಮುಕ್ಕಾಲಿಯಂಥ ಪಟಸ್ತಂಭ. ಶುರುವಿನಲ್ಲಿ ಎರಡು ಹೊಗೆಕೊಳವೆಗಳ ನಡುವೆ ಸಣ್ಣ ಸಮುದ್ರ ವಿಮಾನವನ್ನು ಚಿಮ್ಮಿಸುವ ಕವಣೆಯೂ ಇತ್ತು. ಮೈಸೂರಿಗೆ ಮುಂದೆ ಎರಡು, ಹಿಂದೆ ಒಂದೇ ಟರೆಟ್. ಟಾರ್ಪೆಡೊ ಇಲ್ಲ, ಹಡಗು ನಡೆಸುವವರು ನಿಲ್ಲುವ ಅಟ್ಟ, ಅಂದರೆ ಬ್ರಿಡ್ಜ್, ಬೇರೆ ಥರ, ಪಟಸ್ತಂಭದ ಜಾಗದಲ್ಲಿ ಮೊಬೈಲ್ ಟವರಿನ ಹಾಗೆ ಎರಡು ಜಾಲರಿ ಕಂಬ. ಮೊದಲ ಸಲ ಮಾಡುವವರು ಮೈಸೂರನ್ನೇ ಹಿಡಿಯಿರಿ, 1971ರ ರೂಪದಲ್ಲಿ. ಒಂದು ಟರೆಟ್ಟಿನ ಕೆಲಸ ಕಡಿಮೆಯಾಗುತ್ತದೆ, ಯುದ್ಧಕಾಲದ ಚಿತ್ತಾರದ ಬಣ್ಣದ ತಲೆನೋವು ತಪ್ಪುತ್ತದೆ. ಫೋಟೊ ಹುಡುಕುವಾಗ ಹಡಗಿನ ನಂಬರ್ ನೋಡಿ: ಹಳೆಯ ಕ್ರೂಸರಿನದು ಸಿ60, ಈಗಿನ ಡೆಸ್ಟ್ರಾಯರಿನದು ಡಿ60. ಅಂಕಿ ಒಂದೇ ಆಗಿರುವುದರಿಂದಲೇ ಇಷ್ಟು ಗೊಂದಲ.

ಇನ್ನು ಅಳತೆ. ನಾನು 1:200ಕ್ಕೆ ಮಾಡುತ್ತೇನೆ. ಲೆಕ್ಕ ಸುಲಭ: ಹಡಗಿನ ಒಂದು ಮೀಟರ್ ಅಂದರೆ ಮಾದರಿಯಲ್ಲಿ 5 ಮಿಲಿಮೀಟರ್. ನಿಜವಾದ ಉದ್ದ 169.3 ಮೀಟರ್, ಅಂದರೆ 555 ಅಡಿ 6 ಇಂಚು; ಮಾದರಿ 84.6 ಸೆಂಟಿಮೀಟರ್ ಆಗುತ್ತದೆ. ಅಗಲ 18.9 ಮೀಟರ್, ಮಾದರಿಯಲ್ಲಿ 9.4 ಸೆಂಟಿಮೀಟರ್. ಇಷ್ಟು ಉದ್ದಕ್ಕೆ ಇಷ್ಟು ಸಪೂರವೇ ಅಂತ ಮಕ್ಕಳಿಗೆ ಅನುಮಾನ ಬರುತ್ತದೆ. ಅವರಿಗೆ ನಾನು ಕೊಡುವ ಲೆಕ್ಕ ಮುನಿರಾಬಾದಿನದು. ತುಂಗಭದ್ರಾ ಡ್ಯಾಮಿನ ಒಂದು ಗೇಟಿನ ಅಗಲ 60 ಅಡಿ, ಈ ಹಡಗಿನ ಅಗಲ 62. ಗೇಟ್ ಪೂರ್ತಿ ಎತ್ತಿದರೂ ಎರಡು ಅಡಿಗೆ ಸಿಕ್ಕಿಬೀಳುತ್ತದೆ. 2024ರಲ್ಲಿ 19ನೇ ಗೇಟ್ ಕೊಚ್ಚಿ ಹೋದಾಗ ಸೇತುವೆ ಮೇಲೆ ನಿಂತು ನೋಡಿದವರಿಗೆ ಆ ಅಗಲ ಎಷ್ಟು ಅಂತ ಬೇರೆ ಹೇಳಬೇಕಿಲ್ಲ.

ಉದ್ದ, ಅಗಲ ಗೊತ್ತಿದ್ದರೆ ಉಳಿದ ಅಳತೆಗಳನ್ನು ಫೋಟೊದಿಂದಲೇ ತೆಗೆಯಬಹುದು. ಸರಿಯಾಗಿ ಪಕ್ಕದಿಂದ ತೆಗೆದ ಫೋಟೊ ಬೇಕು. ಮೂತಿ ನಮ್ಮ ಕಡೆ ಸ್ವಲ್ಪ ತಿರುಗಿದ್ದರೂ ಲೆಕ್ಕ ಕೆಡುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಹಡಗು ತುದಿಯಿಂದ ತುದಿಗೆ 20 ಸೆಂಟಿಮೀಟರ್ ಬರುವ ಹಾಗೆ ಪ್ರಿಂಟ್ ಹಾಕಿಸಿ. ಆಮೇಲೆ ಪ್ರಿಂಟಿನಲ್ಲಿ ಏನೇ ಅಳೆದರೂ 4.23ರಿಂದ ಗುಣಿಸಿ. ಕಂಬದ ತುದಿ ನೀರಿನ ಗೆರೆಯಿಂದ ಪ್ರಿಂಟಿನಲ್ಲಿ 2 ಸೆಂಟಿಮೀಟರ್ ಮೇಲಿದ್ದರೆ ಮಾದರಿಯಲ್ಲಿ 8.5. ಹೊಗೆಕೊಳವೆ, ಬ್ರಿಡ್ಜ್, ಡೆಕ್ಕಿನ ಎತ್ತರ ಎಲ್ಲವೂ ಇದೇ ಲೆಕ್ಕದಲ್ಲಿ. ಬರೆದಿಡಿ; ಬಾಯಿಲೆಕ್ಕ ನಾಳೆಗೆ ಮರೆಯುತ್ತದೆ.

ನೀರಿನ ಗೆರೆಯಿಂದ ಕೆಳಗಿನ ಭಾಗ ಮಾಡಬೇಡಿ. ಅದಕ್ಕೆ ನಾಲ್ಕು ಪ್ರೊಪೆಲರ್, ಚುಕ್ಕಾಣಿ, ಕೆಳಹೊಟ್ಟೆಯ ಆಕಾರ ಎಲ್ಲ ಬೇಕು, ಅದು ಇನ್ನೊಂದು ಹಡಗು ಮಾಡಿದಷ್ಟೇ ಕೆಲಸ. ತಳ ಚಪ್ಪಟೆ ಇರಲಿ, ಹಲಗೆ ಮೇಲೆ ಕೂರಲಿ. "ಕಾಕಾ, ಇದು ನೀರಾಗ ತೇಲ್ತದೇನು?" ಅಂತ ಎಲ್ಲ ಹುಡುಗರೂ ಕೇಳುತ್ತಾರೆ. ತೇಲುತ್ತದೆ, ಮಗ್ಗುಲಾಗಿ.

ಕಟ್ಟಿಗೆ ಹಗುರವಾಗಿರಲಿ. ಸಾಗವಾನಿ ಬೇಡ, ತೂಕವೂ ಹೆಚ್ಚು, ದುಡ್ಡೂ ಹೆಚ್ಚು. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವಂಥ ಮೆತ್ತನೆಯ ಹಗುರ ಕಟ್ಟಿಗೆ ಸಿಕ್ಕರೆ ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಸಿಗದಿದ್ದರೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ನಡೆಯುತ್ತದೆ, ಗಂಟು ನೋಡಿ ಆರಿಸಿ. ಚೆನ್ನಾಗಿ ಒಣಗಿರಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ಹಸಿ ಕಟ್ಟಿಗೆ ಸೀಳಿ ಹೋಗುತ್ತದೆ.

ಮೂರು ಹಲಗೆಗಳನ್ನು ಒಂದರ ಮೇಲೊಂದು ಫೆವಿಕಾಲಿನಿಂದ ಅಂಟಿಸಿ, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಡಿ. ದಪ್ಪ ಎಷ್ಟಿರಬೇಕು ಅನ್ನುವುದು ನಿಮ್ಮ ಪ್ರಿಂಟಿನಿಂದ ಬರುತ್ತದೆ. ಮೇಲಿಂದ ನೋಡಿದ ಆಕಾರಕ್ಕೆ ಹಳೆಯ ಪೇಪರನ್ನು ಉದ್ದಕ್ಕೆ ಮಡಚಿ, ಅರ್ಧ ಹಡಗು ಬರೆದು ಕತ್ತರಿಸಿ. ಬಿಚ್ಚಿದರೆ ಎರಡೂ ಬದಿ ಸಮ. ಮೂತಿ ಚೂಪು; ಮೇಲಿನ ಅಂಚಿಗಿಂತ ನೀರಿನ ಗೆರೆ ಸ್ವಲ್ಪ ಹಿಂದಕ್ಕಿರುತ್ತದೆ, ಆದ್ದರಿಂದ 84.6 ಮೇಲಿನ ಹಲಗೆಯ ಅಳತೆ, ಕೆಳಗಿನದು ಅದಕ್ಕಿಂತ ಚಿಕ್ಕದು. ಮೂತಿ ಅಂದಾಗ 1959ರ ಒಂದು ಅವಘಡ ನೆನಪಾಗುತ್ತದೆ. ಸಿಲೋನಿನ ಬಳಿ ಅಭ್ಯಾಸದ ಹೊತ್ತಿನಲ್ಲಿ ಮೈಸೂರಿಗೂ ಬ್ರಿಟಿಷ್ ಡೆಸ್ಟ್ರಾಯರ್ ಹೋಗ್‌ಗೂ ಡಿಕ್ಕಿಯಾಗಿ ಹೋಗ್‌ನ ಮೂತಿ ನುಜ್ಜುಗುಜ್ಜಾಯಿತು. ಎಂಟು ಸಾವಿರ ಟನ್ನಿಗೂ ಮಿಕ್ಕಿದ ಕಬ್ಬಿಣದ ಎದುರು ಡೆಸ್ಟ್ರಾಯರ್ ಯಾವ ಲೆಕ್ಕ.

ಹಿಂಭಾಗದಲ್ಲಿ ಬಹಳ ಜನ ಎಡವುತ್ತಾರೆ. ಹಡಗು ಅಂದರೆ ಹಿಂದೆ ಗುಂಡಗೆ ಇರಬೇಕು ಅಂತ ಕೈ ತಾನಾಗಿಯೇ ಉರುಟಾಗಿ ಕೆತ್ತುತ್ತದೆ. ಈ ವರ್ಗದ ಹಿಂಭಾಗ ಗರಗಸದಲ್ಲಿ ಕೊಯ್ದ ಹಾಗೆ ಚಪ್ಪಟೆ. ಎರಡು ಹೊಗೆಕೊಳವೆಗಳೂ ಹಾಗೇ, ನೆಟ್ಟಗೆ ನಿಂತಿರುತ್ತವೆ. ಇದಕ್ಕಿಂತ ಮುಂಚಿನ ಟೌನ್ ವರ್ಗದಲ್ಲಿ ಅವು ಹಿಂದಕ್ಕೆ ವಾಲುತ್ತವೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಈಗಲೂ ನಿಂತಿರುವ ಬೆಲ್‌ಫಾಸ್ಟ್ ಆ ಟೌನ್ ವರ್ಗದ್ದು. ಕ್ರೌನ್ ಕಾಲೊನಿ ವರ್ಗದ ಒಂದು ಹಡಗೂ ಉಳಿದಿಲ್ಲ, ಹಾಗಾಗಿ ಎಲ್ಲರೂ ಬೆಲ್‌ಫಾಸ್ಟ್ ಫೋಟೊ ಇಟ್ಟುಕೊಂಡು ಕೆತ್ತುತ್ತಾರೆ. ಟರೆಟ್ಟಿಗೆ ಅದನ್ನು ನೋಡಿ, ಎರಡರದೂ ಒಂದೇ ಮಾದರಿಯ ಟರೆಟ್. ಹಿಂಭಾಗಕ್ಕೂ ಹೊಗೆಕೊಳವೆಗೂ ಮಾತ್ರ ಅದನ್ನು ನಂಬಬೇಡಿ.

ಹತ್ತರಿ ಹೊಡೆದು, ಉಳಿಯಿಂದ ಆಕಾರ ತಂದು, 80ರ ಸ್ಯಾಂಡ್ ಪೇಪರಿನಿಂದ 220ರ ತನಕ ಉಜ್ಜಿದ ಮೇಲೂ ಹಲಗೆಗಳ ಜೋಡು ಗೆರೆ ಕಾಣುತ್ತದೆ. ಪೇಟೆಯವರು ಇಲ್ಲಿ ಪುಟ್ಟಿ ಬಳಿಯುತ್ತಾರೆ. ನಾನು ಕಿಟ್ಟ ಹಾಕುತ್ತೇನೆ. ನಮ್ಮ ಊರಿನಿಂದ ಕೂಗಳತೆಯ ದೂರದ ಕಿನ್ನಾಳದಲ್ಲಿ ತಲೆಮಾರುಗಳಿಂದ ದೇವರ ಪಲ್ಲಕ್ಕಿ, ಗರುಡ, ಗೌರಿಗೆ ಹಾಕುತ್ತ ಬಂದಿರುವ ವಸ್ತು ಇರುವಾಗ ಡಬ್ಬಿ ಯಾಕೆ ಕೊಳ್ಳಬೇಕು?

ಕಿಟ್ಟ ಮಾಡುವುದು ಹೀಗೆ. ಹಳೆಯ ಸೆಣಬಿನ ಚೀಲವನ್ನು ನೀರಲ್ಲಿ ನೆನೆಹಾಕಿ, ಎಳೆ ಬಿಡಿಸಿ, ಸಣ್ಣಗೆ ಕತ್ತರಿಸಿ ಒಣಗಿಸಿ. ಒಣಗಿದ ಮೇಲೆ ಕುಟ್ಟಿ ಪುಡಿ ಮಾಡಿ. ನುಣ್ಣಗಿನ ಕಟ್ಟಿಗೆ ಹೊಟ್ಟನ್ನು ಜರಡಿ ಹಿಡಿದು ಅದಕ್ಕೆ ಬೆರೆಸಿ. ಈಗ ಅಂಟು. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ಅರೆದು, ನೀರು ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತ ಕುದಿಸಿ. ಬೆಳ್ಳಗಿದ್ದದ್ದು ಕಂದಾಗಿ, ಚಮಚ ಎತ್ತಿದರೆ ದಾರ ಎಳೆಯುವ ಹೊತ್ತಿಗೆ ಇಳಿಸಿ. ತಳ ಹತ್ತಿದರೆ ಚೆಲ್ಲಿ ಮತ್ತೆ ಮಾಡಿ, ಸೀದ ಅಂಟಿನಲ್ಲಿ ಗಂಟು ನಿಲ್ಲುತ್ತದೆ. ಹುಳ ಬೀಳದಿರಲು ಚಿಟಿಕೆ ಮೈಲುತುತ್ತ ಹಾಕಬಹುದು. ಅದು ವಿಷ, ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಈ ಅಂಟಿನಲ್ಲಿ ಹೊಟ್ಟಿನ ಮಿಶ್ರಣವನ್ನು ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ ನಾದಿ.

ಬೆರಳಿಗೆ ನೀರು ಹಚ್ಚಿಕೊಂಡು ತೆಳ್ಳಗೆ ಹಚ್ಚುತ್ತ ಹೋಗಿ. ದಪ್ಪ ಹಚ್ಚಿದರೆ ಬಿರುಕು ಖಂಡಿತ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಗಾಳಿಯಾಡುವ ಕಡೆ ಒಣಗಿಸಿ. ಕಿನ್ನಾಳದವರು ಇದರ ಮೇಲೆ ಹುಣಸೆ ಅಂಟಿನಿಂದಲೇ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಸರಿ ಬಳಿಯುತ್ತಾರೆ. ಹಡಗಿನ ಬದಿಗೆ ಬಟ್ಟೆ ಬೇಕಾಗಿಲ್ಲ, ಅಲ್ಲಿ ಉಬ್ಬುತಗ್ಗಿಲ್ಲ. ಮೂತಿಯ ತಿರುವಿಗೆ ಮತ್ತು ಹಿಂಭಾಗದ ಚಪ್ಪಟೆಯ ಅಂಚಿಗೆ ಮಾತ್ರ ಒಂದೊಂದು ಪಟ್ಟಿ ಹಾಕಿ. ಕೈತಪ್ಪಿ ಬಿದ್ದರೆ ಮೊದಲು ಮುಕ್ಕಾಗುವುದು ಆ ಅಂಚೇ. ಒಣಗಿದ ಮೇಲೆ 320ರ ಪೇಪರಿನಲ್ಲಿ ಉಜ್ಜಿದರೆ ಒಳಗೆ ಕಟ್ಟಿಗೆ ಇದೆ ಅಂತ ಯಾರಿಗೂ ಅನಿಸುವುದಿಲ್ಲ.

ಮುಂಭಾಗದ ಡೆಕ್ ಎತ್ತರ, ಹಿಂದೆ ಹೋಗುತ್ತ ಒಂದು ಮಟ್ಟ ಇಳಿಯುತ್ತದೆ. ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಪ್ರಿಂಟಿನಿಂದ ಗುರುತು ಹಾಕಿಕೊಂಡು ಗರಗಸದಲ್ಲಿ ಕೊಯ್ಯಿರಿ. ಬ್ರಿಡ್ಜ್, ಮನೆಗಳು, ಅಟ್ಟಗಳೆಲ್ಲ ಪ್ಲೈವುಡ್ ಚೂರುಗಳು. ಹೇಳುವಂಥದ್ದೇನಿಲ್ಲ, ಅಳತೆಗೆ ಕೊಯ್ದು ಅಂಟಿಸಿದರೆ ಆಯಿತು. ಹೊಗೆಕೊಳವೆ ದುಂಡಗಲ್ಲ, ಮೊಟ್ಟೆಯಾಕಾರ.

ಟರೆಟ್ಟಿನಲ್ಲಿ ಆತುರ ಬೇಡ. ಈ ಹಡಗಿಗೆ ರೂಪ ಬರುವುದೇ ಅಲ್ಲಿ. ಒಂದೊಂದರಲ್ಲಿ ಆರು ಇಂಚಿನ, ಅಂದರೆ 152 ಮಿಲಿಮೀಟರಿನ ಮೂರು ತೋಪು. ಮೂರೂ ಒಂದೇ ಸಾಲಿನಲ್ಲಿ ಇವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ನಡುವಿನದು ಪಕ್ಕದವುಗಳಿಗಿಂತ 30 ಇಂಚು ಹಿಂದೆ ಕೂತಿದೆ. ಮೂರು ತೋಪು ಒಟ್ಟಿಗೆ ಹಾರಿದರೆ ಪಕ್ಕಪಕ್ಕದಲ್ಲೇ ಹೋಗುವ ಗುಂಡುಗಳು ಗಾಳಿಯಲ್ಲಿ ಒಂದರ ದಾರಿಯನ್ನು ಇನ್ನೊಂದು ಕೆಡಿಸುತ್ತವೆ. ನಡುವಿನದು ಹಿಂದಿದ್ದರೆ ಆ ತೊಂದರೆ ಕಡಿಮೆ. ನಮ್ಮ ಅಳತೆಯಲ್ಲಿ 30 ಇಂಚು ಅಂದರೆ 3.8 ಮಿಲಿಮೀಟರ್. ಬರಿಗಣ್ಣಿಗೆ ಕಾಣುವಷ್ಟು ವ್ಯತ್ಯಾಸವೇ. ಹಡಗು ಬಲ್ಲವರು ಮೊದಲು ನೋಡುವುದೂ ಇದನ್ನೇ.

ನಳಿಗೆಗೆ ಸೈಕಲ್ ಚಕ್ರದ ಕಡ್ಡಿ ಬಳಸಿ, ಎರಡು ಮಿಲಿಮೀಟರ್ ದಪ್ಪ ಸರಿಹೊಂದುತ್ತದೆ. ಸೈಕಲ್ ಅಂಗಡಿಯವರು ಬಾಗಿದ ಕಡ್ಡಿಗಳನ್ನು ಪುಕ್ಕಟೆ ಕೊಡುತ್ತಾರೆ, ನೆಟ್ಟಗಿನ ತುಂಡುಗಳನ್ನು ಆರಿಸಿಕೊಳ್ಳಿ. ಒಟ್ಟು ಒಂಬತ್ತು ತುಂಡು. ಪ್ರತಿ ತುಂಡನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ, ನಿಧಾನ ತಿರುಗಿಸುತ್ತ ಸಣ್ಣ ಅರ ಹಿಡಿದರೆ ಮೂತಿಯ ಕಡೆಗೆ ಸಪೂರವಾಗುತ್ತ ಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ, ಕಬ್ಬಿಣದ ಕಿಡಿ ಕಣ್ಣಿಗೆ ಬಿದ್ದರೆ ಹಡಗು ಯಾರಿಗೆ ಬೇಕು. ಟರೆಟ್ಟಿನ ಗಟ್ಟಿಗೆ ಮೂರು ತೂತು ಕೊರೆಯುವಾಗ ನಡುವಿನದನ್ನು ಉಳಿದವಕ್ಕಿಂತ 4 ಮಿಲಿಮೀಟರ್ ಹೆಚ್ಚು ಆಳ ಮಾಡಿ. ಒಂಬತ್ತೂ ತುಂಡು ಒಂದೇ ಉದ್ದ ಇದ್ದರೆ ನಡುವಿನದು ತಾನಾಗಿಯೇ ಹಿಂದೆ ಕೂರುತ್ತದೆ. ಟರೆಟ್ಟನ್ನು ಡೆಕ್ಕಿಗೆ ಅಂಟಿಸದೆ ಒಂದು ಮೊಳೆಯ ಮೇಲೆ ಕೂರಿಸಿದರೆ ತಿರುಗುತ್ತದೆ. ಮಕ್ಕಳು ತಿರುಗಿಸಿಯೇ ತಿರುಗಿಸುತ್ತಾರೆ, ತಡೆಯಲಾಗದು. ಮುಂದಿನ ಎರಡರಲ್ಲಿ ಹಿಂದಿನದು ಎತ್ತರದಲ್ಲಿ, ಮುಂದಿನದರ ತಲೆಯ ಮೇಲಿಂದ ಹಾರಿಸುವ ಹಾಗೆ ಇರಬೇಕು.

ನಡುಭಾಗದಲ್ಲಿ ಎರಡೂ ಬದಿಗೆ ಎರಡೆರಡು ನಾಲ್ಕು ಇಂಚಿನ ಜೋಡಿ ತೋಪು. ಅದಕ್ಕೆ ಊದಿನಕಡ್ಡಿಯ ಬಿದಿರು ಸಾಕು. ಅಲ್ಲಲ್ಲಿ 40 ಮಿಲಿಮೀಟರಿನ ಬೋಫೋರ್ಸ್. ಹೆಸರು ಕೇಳಿ ಹಿರಿಯರು ಕಣ್ಣರಳಿಸುತ್ತಾರೆ. ಹಗರಣದಲ್ಲಿ ಅವರು ಕೇಳಿದ್ದು ಅದೇ ಹೆಸರಿನ 155 ಮಿಲಿಮೀಟರಿನ ಹೊವಿಟ್ಜರ್, ಇದು ವಿಮಾನ ಹೊಡೆಯುವ ಹಳೆಯ ಸಣ್ಣ ತೋಪು. ಗುಂಡುಸೂಜಿ ಕತ್ತರಿಸಿ ನೆಟ್ಟರೆ ಮುಗಿಯಿತು.

ಜಾಲರಿ ಕಂಬಕ್ಕೆ ಭಾಗ್ಯನಗರದವನಾದ ನನಗೆ ಒಂದು ಅನುಕೂಲವಿದೆ: ಪಕ್ಕದ ಮನೆಯಲ್ಲೇ ಮಗ್ಗ, ನೂಲಿಗೆ ಬರವಿಲ್ಲ. ಕಂಬದ ಒಂದು ಮುಖವನ್ನು ಕಾಗದದ ಮೇಲೆ ಬರೆದು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎರಡು ಊದಿನಕಡ್ಡಿ ಬಿದಿರನ್ನು ಗೆರೆಗೆ ಸರಿಯಾಗಿ ಇಟ್ಟು, ಹುಣಸೆ ಅಂಟಿನಲ್ಲಿ ಅದ್ದಿದ ನೂಲನ್ನು ಅಡ್ಡ, ಓರೆ, ಅಡ್ಡ, ಓರೆ ಅಂತ ಎಳೆದು ಕೂರಿಸಿ. ಒಣಗಿದರೆ ನೂಲು ತಂತಿಯ ಹಾಗೆ ಬಿರುಸಾಗುತ್ತದೆ. ಹೀಗೆ ಎರಡು ಮುಖ ಮಾಡಿ ಎದುರುಬದುರು ನಿಲ್ಲಿಸಿ, ಉಳಿದ ಎರಡು ಬದಿಗೆ ನೂಲು ಸುತ್ತಿ. ತಾಮ್ರದ ತಂತಿಗೆ ಸೋಲ್ಡರ್ ಮಾಡುವವರೂ ಇದ್ದಾರೆ, ಗಟ್ಟಿಯೂ ಹೌದು, ಆದರೆ ಜೋಡುಗಳಲ್ಲಿ ಸೀಸದ ಗಂಟು ಕಾಣುತ್ತದೆ. ನನಗೆ ನೂಲೇ ಇಷ್ಟ.

ಕಟಕಟೆ, ಹಗ್ಗ ಕಟ್ಟುವ ಗೂಟ, ಲಂಗರು ಸರಪಳಿ ನಿಜವಾದ ಹಡಗಿನಲ್ಲಿ ಹೇಗಿರುತ್ತವೆ ಅಂತ ನೋಡಬೇಕೆಂದರೆ ಕಾರವಾರದ ಕಡಲ ತೀರದಲ್ಲಿ ನಿಲ್ಲಿಸಿರುವ ಚಾಪೆಲ್ ಹತ್ತಿರ ಹೋಗಿ ಬನ್ನಿ. ಅದು ಸಣ್ಣ ಕ್ಷಿಪಣಿ ದೋಣಿ, ಕ್ರೂಸರಿಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಮನುಷ್ಯನ ಎತ್ತರಕ್ಕೆ ಕಟಕಟೆ ಎಷ್ಟು ಬರುತ್ತದೆ ಅನ್ನುವುದು ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಬಣ್ಣ ಬೂದಿ. ಬಿಳಿಗೆ ಕಪ್ಪು, ಅದಕ್ಕೆ ಒಂದೆರಡು ಹನಿ ನೀಲಿ. ಗೋಡೆಗೆ ಬಳಿಯುವ ಎಮಲ್ಶನ್ ಉಳಿದಿದ್ದರೆ ಅದೇ ಒಳ್ಳೆಯದು. ಹೊಳೆಯುವ ಆಯಿಲ್ ಪೇಂಟ್ ಹಚ್ಚಿದರೆ ಹಡಗು ಸ್ಟೀಲ್ ಬೀರುವಿನ ಹಾಗೆ ಕಾಣುತ್ತದೆ. ನೀರಿನ ಗೆರೆಯಲ್ಲಿ ಕಪ್ಪು ಪಟ್ಟಿ, ಟೇಪ್ ಅಂಟಿಸಿ ಹೊಡೆಯಿರಿ. ಕಿನ್ನಾಳದ ಚಿತ್ರಗಾರ ಗೆಳೆಯರೊಬ್ಬರು ಇದನ್ನು ನೋಡಿ, "ಏನ್ರೀ ಬಡಿಗೇರ, ಇಷ್ಟ ದುಡದು ಕಡೀಕ ಬೂದಿ ಬಳದೀರಲ್ರೀ" ಅಂದರು. ಕೆಂಪು, ಹಳದಿ, ಹಸಿರು ಬಿಟ್ಟು ಬೇರೆ ಗೊತ್ತಿಲ್ಲದ ಕೈ ಅದು. ಅವರ ಕೈಯನ್ನು ನಾನು ಪೀಠಕ್ಕೆ ಬಳಸಿಕೊಂಡೆ. ಮೈಸೂರಿನ ಲಾಂಛನ ಗಂಡಭೇರುಂಡ, ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ 'ನ ಬಿಭೇತಿ ಕದಾಚನ', ಎಂದೂ ಅಂಜುವುದಿಲ್ಲ ಅಂತ. ದೇವರ ಒಡವೆಗಳನ್ನು ಉಬ್ಬಿಸುವ ಕಲ್ಲುಪುಡಿ ಸರಿಯಲ್ಲೇ ಅವರು ಆ ಎರಡು ತಲೆಯ ಹಕ್ಕಿಯನ್ನು ಪೀಠದ ಮೇಲೆ ಉಬ್ಬಿಸಿಕೊಟ್ಟರು, ಬಣ್ಣವನ್ನೂ ಮನಸ್ಸಿಗೆ ಬಂದಷ್ಟು ಹಾಕಿದರು.

ಪಕ್ಕದಲ್ಲಿ ಇಡುವ ಕಾರ್ಡಿನಲ್ಲಿ ಬರೀ ಉದ್ದ, ಅಗಲ, ವೇಗ ಬರೆಯಬೇಡಿ. ತೀರ್ಪುಗಾರರು ಮುಂದಿನ ಟೇಬಲ್ಲಿಗೆ ಹೋಗಿಬಿಡುತ್ತಾರೆ. ಮೂರು ಸಂಗತಿ ಬರೆಯಿರಿ. 1941ರ ಜೂನಿನಲ್ಲಿ ನೈಜೀರಿಯಾ ಮತ್ತು ಜೊತೆಯ ಡೆಸ್ಟ್ರಾಯರ್‌ಗಳು ಲೌಯೆನ್‌ಬುರ್ಗ್ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿದು, ಎನಿಗ್ಮಾ ಗುಪ್ತಲಿಪಿ ಒಡೆಯಲು ಬೇಕಾದ ಕಾಗದಪತ್ರ ವಶಪಡಿಸಿಕೊಂಡವು. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಪೆಡೆಸ್ಟಲ್ ಕಾರ್ಯಾಚರಣೆಯಲ್ಲಿ ಇಟಲಿಯ ಆಕ್ಸುಮ್ ಜಲಾಂತರ್ಗಾಮಿ ಟಾರ್ಪೆಡೊ ಹೊಡೆದು 52 ಮಂದಿ ಸತ್ತರು. ಹಡಗು ಮುಳುಗದೆ ಜಿಬ್ರಾಲ್ಟರ್ ಮುಟ್ಟಿತು. 1971ರ ಯುದ್ಧದಲ್ಲಿ ಅದೇ ಹಡಗು ಮೈಸೂರಾಗಿ, ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರ ಕೈಕೆಳಗಿದ್ದ ಪಶ್ಚಿಮ ನೌಕಾದಳದ ಧ್ವಜನೌಕೆ, ಅಂದರೆ ದಳಪತಿಯ ಮುಖ್ಯ ಹಡಗು, ಆಗಿತ್ತು.

ಸಾಗಿಸುವಾಗ ಎರಡು ಜಾಲರಿ ಕಂಬಗಳನ್ನೂ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹತ್ತಿಯ ನಡುವೆ ಇಡಿ. ಅದಕ್ಕಾಗಿಯೇ ಕಂಬದ ಬುಡದಲ್ಲಿ ಒಂದು ಮೊಳೆ ಬಿಟ್ಟು ಡೆಕ್ಕಿನಲ್ಲಿ ತೂತು ಮಾಡಿರಬೇಕು. ಹಡಗು ಪೀಠ ಸಮೇತ ಒಂದು ಮೀಟರಿನ ಹತ್ತಿರ ಆಗುವುದರಿಂದ ಬಸ್ಸಿನ ಮೇಲಿನ ಲಗೇಜ್ ಜಾಗ ಸಾಲದು, ಡಿಕ್ಕಿಗೆ ಹಾಕಿದರೆ ಗಂಗಾವತಿ ಮುಟ್ಟುವಷ್ಟರಲ್ಲಿ ತೋಪುಗಳು ಉದುರುತ್ತವೆ. ಬೆಳಗಿನ ಮೊದಲ ಬಸ್ಸು ಹಿಡಿದು, ಕೊನೆಯ ಉದ್ದ ಸೀಟಿನಲ್ಲಿ ಇಬ್ಬರು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಹೋಗಿ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದರೆ ಕೊಟ್ಟುಬಿಡಿ.